ಹೋಲಿಕೆಗೆ ಒಂದು ಮಗು

ನನ್ನ ಬಾಲ್ಯದಲ್ಲಿ ನೆಗೆಟಿವ್ ಎಂಬುದು ಸೂರ್ಯನನ್ನು ನೋಡುವ ವಸ್ತುವಾಗಿತ್ತು. ಪ್ರಿಂಟು ಬಂದು ಆಲ್ಬಮ್ಮಿಗೆ ಅಂಟಿದ ಮೇಲೆ ಅದಕ್ಕೆ ಬೇರೆ ಉದ್ಯೋಗವಿರಲಿಲ್ಲ. ಗ್ರಹಣ ಬಂತೆಂದರೆ ಊರಿನವರೆಲ್ಲ ಬಾಗಿಲು ಹಾಕಿ ನೀರಿನ ಕೊಡಕ್ಕೆ ದರ್ಭೆ ಹಾಕುವಾಗ, ನಮ್ಮ ಕಾನ್ವೆಂಟಿನ ಸಿಸ್ಟರ್ ಫಿಲೋಮಿನಾ ಒಂದನೇ ಕ್ಲಾಸಿನವರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಹಳೆಯ ವಾರ್ಷಿಕೋತ್ಸವದ ನೆಗೆಟಿವ್‌ಗಳನ್ನು ಇಬ್ಬರಿಗೊಂದರಂತೆ ಹಂಚಿದ್ದರು. ನನ್ನ ಪಾಲಿಗೆ ಬಂದದ್ದರಲ್ಲಿ ಮದರ್ ಸುಪೀರಿಯರ್ ಯಾರಿಗೋ ಬಹುಮಾನ ಕೊಡುತ್ತಿದ್ದರು. ಅವರ ಬಿಳಿ ಉಡುಪು ಕಪ್ಪಾಗಿತ್ತು, ನಗುವ ಹಲ್ಲೂ ಕಪ್ಪಾಗಿತ್ತು. ಹಣೆಯ ನಡುವೆ ಸೂರ್ಯ ಅರ್ಧ ಕಚ್ಚಿದ ಬಿಸ್ಕತ್ತಿನಂತೆ ನಿಂತಿದ್ದ. ಗ್ರಹಣ ಹಿಡಿದದ್ದು ಸೂರ್ಯನಿಗೋ ಮದರಿಗೋ ಎಂಬುದು ಆ ವಯಸ್ಸಿಗೆ ನನಗೆ ಸ್ಪಷ್ಟವಾಗಲಿಲ್ಲ. ಮರುದಿನ ಚರ್ಚಿನ ಬಾಗಿಲಲ್ಲಿ ಮದರ್ ಸುರಕ್ಷಿತವಾಗಿ ನಿಂತಿದ್ದನ್ನು ಕಂಡ ಮೇಲೆಯೇ ನನಗೆ ಸಮಾಧಾನವಾದದ್ದು.

ಇಂಥವಳ ತಲೆಗೆ ಐವತ್ತರ ಆಸುಪಾಸಿನಲ್ಲಿ ಒಂದು ಜವಾಬ್ದಾರಿ ಬಂದು ಕೂತಿತು. ಪುತ್ತೂರಿನ ನಮ್ಮ ಮನೆಗೆ ಒಳ್ಳೆಯ ಫಿಲ್ಮ್ ಸ್ಕ್ಯಾನರ್ ಒಂದನ್ನು ಆರಿಸುವುದು. ಹಳೆಯ ಸ್ಲೈಡು, ನೆಗೆಟಿವ್‌ಗಳ ಮೇಲೆ ಬೆಳಕು ಹಾಯಿಸಿ ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವ ಯಂತ್ರ ಅದು. ಮನೆಯಲ್ಲಿ ಇಷ್ಟು ಜನ ಇದ್ದು ನನಗೇ ಯಾಕೆ ಬಂತೆಂದರೆ, ಕಾನ್ವೆಂಟ್ ಇಂಗ್ಲಿಷು. ಮದುವೆಯಾಗಿ ಬಂದ ದಿನದಿಂದ ಈ ಮನೆಯ ಕುಕ್ಕರು, ಇನ್ವರ್ಟರು, ಬಿಪಿ ನೋಡುವ ಯಂತ್ರ ಎಲ್ಲದರ ಪುಸ್ತಕ ಓದುವವಳು ನಾನು. ಒಮ್ಮೆ ಸುಬ್ರಹ್ಮಣ್ಯದ ಲಾಡ್ಜಿನಲ್ಲಿ ಗೀಸರ್ ಕೈಕೊಟ್ಟಾಗ, ಪಕ್ಕದ ಕೋಣೆಯ ಯಾತ್ರಿಕರು ಕೂಡ ನನ್ನನ್ನೇ ಕರೆದರು. ಗೀಸರಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದೆ, ಇವರಿಗೆ ಬರ್ತದಂತೆ ಎಂದು. ಹೋಗಿ ನೋಡಿದೆ. ‘ಹಾಟ್’ ಎಂದಷ್ಟೇ ಬರೆದಿತ್ತು. ಓದಿ ಹೇಳಿ ಬಂದೆ.

ಸ್ಕ್ಯಾನರ್ ಬೇಕಾದದ್ದು ಲೀಲಕ್ಕನ ಮದುವೆಗೆ. ಲೀಲಕ್ಕ ಎಂದರೆ ನನ್ನ ಗಂಡನ ಅಕ್ಕ. ಮೂರು ವರ್ಷ ತುಂಬಿ ಎರಡು ತಿಂಗಳಿಗೆ ಜ್ವರ ಬಂದು ತೀರಿಹೋದವಳು. ಅವಳು ಹೋದ ಮರುವರ್ಷ ಇವರು ಹುಟ್ಟಿದ್ದು. ಹಾಗಾಗಿ ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿಲ್ಲ.

ನೀವು ಘಟ್ಟದ ಮೇಲಿನವರಾದರೆ ಇಲ್ಲಿ ಒಂದು ಗಳಿಗೆ ನಿಲ್ಲಬೇಕಾದೀತು. ನಮ್ಮ ಕಡೆ ಮದುವೆಯಾಗದೆ ತೀರಿಹೋದವರಿಗೂ ಮದುವೆ ಉಂಟು. ಜೀವಂತ ಇರುವವರಿಗೆ ಶುಭಕಾರ್ಯ ನಡೆಯದ ಆಟಿ ತಿಂಗಳಲ್ಲಿ, ಎಂದರೆ ಆಷಾಢದ ಹೊತ್ತಿಗೆ, ಅವರಿಗೆ ಮುಹೂರ್ತ. ಹುಡುಗನೂ ಹಾಗೇ ತೀರಿಹೋದವನಾಗಿರಬೇಕು, ಬಳಿ, ಎಂದರೆ ಗೋತ್ರ, ಬೇರೆ ಇರಬೇಕು, ಮನೆತನ ಒಪ್ಪಬೇಕು. ಒಂದು ಕುರ್ಚಿಯ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ ಶಲ್ಯ ಇಟ್ಟು, ಕರಿಮಣಿ ಕಟ್ಟಿಸಿ, ದಿಬ್ಬಣದವರಿಗೆ ಊಟ ಹಾಕಿ ಕಳಿಸುತ್ತಾರೆ. ಸಾರಿಗೆ ಉಪ್ಪು ಕಡಿಮೆ ಎಂದು ಗಂಡಿನ ಕಡೆಯವರು ಅಲ್ಲಿಯೂ ಹೇಳಿಯೇ ಹೇಳುತ್ತಾರೆ. ಹೊಸದಾಗಿ ನೋಡುವವರಿಗೆ ವಿಚಿತ್ರ ಅನಿಸಬಹುದು. ನನಗೂ ಮೊದಲ ವರ್ಷ ಅನಿಸಿತ್ತು. ಈಗ ನಾನೇ ಹೋದಲ್ಲಿ ಸೀರೆಯ ಅಂಚು ನೋಡಿ ಬರುತ್ತೇನೆ.

ಲೀಲಕ್ಕನಿಗೆ ಒಂದು ಸಂಬಂಧ ಬಂತು, ಆಲೆಟ್ಟಿಯಿಂದ. ಹುಡುಗನ ಹೆಸರು ಸುಂದರ, ಏಳನೇ ವರ್ಷಕ್ಕೆ ಹೋದವನು. ಅವನ ತಂಗಿ ಕಮಲಕ್ಕನೇ ಅವರ ಕಡೆಯಿಂದ ಮಾತಾಡುವವರು. ಎಲ್ಲ ಹೊಂದಿಬಂತು ಅನ್ನುವಾಗ ಅವರು ಫೋನಿನಲ್ಲಿ ಒಂದು ಮಾತು ತೆಗೆದರು.

“ಫೋಟೋ ಒಂದು ವಾಟ್ಸಾಪ್ ಮಾಡಿ ಆಯ್ತಾ. ನಮ್ಮವನದ್ದು ನಾನೂ ಕಳಿಸ್ತೇನೆ. ನೋಡದೆ ಹೇಗೆ ಒಪ್ಪುದು? ಈಗಿನ ಕಾಲದಲ್ಲಿ ಹುಡುಗನ ಇಷ್ಟವನ್ನೂ ಕೇಳ್ಬೇಕಾಗ್ತದೆ.”

ಫೋನು ಸ್ಪೀಕರಿನಲ್ಲಿತ್ತು. ಇಟ್ಟ ಮೇಲೆ ಇವರು ಕೇಳಿದರು, “ಹುಡುಗನ ಇಷ್ಟ ಇವ್ರಿಗೆ ಗೊತ್ತಾಗುದು ಹೇಗೆ?”

“ಅದು ಅವರ ಮನೆ ವಿಷಯ. ನೀನು ಫೋಟೋದ್ದು ನೋಡು,” ಎಂದರು ಅತ್ತೆ.

“ಹುಡುಗ ಇದ್ದಿದ್ರೆ ಈಗ ಐವತ್ತೆಂಟಂತೆ ಅಮ್ಮ. ಇನ್ನೆರಡು ವರ್ಷಕ್ಕೆ ರಿಟೈರ್ಡು. ಪೆನ್ಶನ್ ಉಂಟಾ ಕೇಳುವನಾ?”

“ನಗಾಡ್ಬೇಡ. ನಿನ್ನ ಅಕ್ಕನಿಗೆ ಐವತ್ತೈದು. ಇನ್ನೆಷ್ಟು ಸಮಯ ಮನೆಯಲ್ಲಿ ಕೂರಿಸುದು? ನನ್ನ ಕಣ್ಣು ಮುಚ್ಚುವ ಮೊದಲು ಅವಳನ್ನೊಂದು ಕಡೆ ಸೇರಿಸ್ಬೇಕು. ಆಟಿಗೆ ಇನ್ನು ಎರಡು ತಿಂಗಳಿಲ್ಲ.”

ಅತ್ತೆಗೆ ಎಂಬತ್ತಾಯಿತು. ಬೇರೆ ಏನನ್ನೂ ಅವರು ಕೇಳಿದವರಲ್ಲ. ಮಂಡಿ ನೋವಿಗೆ ಡಾಕ್ಟರ ಹತ್ತಿರ ಹೋಗುವ ಎಂದರೂ ಬೇಡ ಎನ್ನುವವರು, ಈ ಒಂದು ವಿಷಯದಲ್ಲಿ ದಿನಕ್ಕೆ ಮೂರು ಸಲ ನನ್ನ ಮುಖ ನೋಡತೊಡಗಿದರು.

ಕಷ್ಟವೇನೆಂದರೆ ಲೀಲಕ್ಕನ ಫೋಟೋ ಇರಲಿಲ್ಲ. ಹಾಗೆಂದು ಮನೆಯಲ್ಲಿ ಕ್ಯಾಮೆರಾ ಇರಲಿಲ್ಲವೆಂದಲ್ಲ. ನನ್ನ ಮಾವ ಸರಕಾರಿ ಕೆಲಸದಲ್ಲಿದ್ದರು. ಅಡಿಕೆ, ತೆಂಗು, ಕರಿಮೆಣಸಿಗೆ ಬರುವ ರೋಗಗಳ ಸ್ಲೈಡು ತೆಗೆದು, ಕಡಬ ಸುಳ್ಯ ಎಂದು ಊರೂರಿಗೆ ಹೋಗಿ, ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರಿನಲ್ಲಿ ತೋರಿಸಿ ಕೃಷಿಕರಿಗೆ ವಿವರಿಸುವುದು ಅವರ ಕೆಲಸ. ಮಗಳದ್ದೊಂದು ಪಟ ತೆಗೆಯಿರಿ ಎಂದು ಅತ್ತೆ ಕೇಳಿದಾಗಲೆಲ್ಲ ಒಂದೇ ಉತ್ತರ. “ಅದು ಸರಕಾರದ ಫಿಲ್ಮು. ರೋಗ ಇದ್ರೆ ಮಾತ್ರ ತೆಗಿಲಿಕ್ಕೆ ಆಗುದು.” ನಾಲ್ಕು ತುಂಬಿದಾಗ ಸ್ಟುಡಿಯೋಗೆ ಕರೆದುಕೊಂಡು ಹೋಗುವುದೆಂದು ಇತ್ತಂತೆ.

“ಆದ್ರೆ ಡಬ್ಬಿಯಲ್ಲಿ ಅವಳಿದ್ದಾಳೆ,” ಎಂದರು ಅತ್ತೆ, ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ, ಯಾವ ಪೀಠಿಕೆಯೂ ಇಲ್ಲದೆ.

ಡಬ್ಬಿ ಅಟ್ಟದಲ್ಲಿತ್ತು. ತಗಡಿನ ಬಿಸ್ಕತ್ ಡಬ್ಬಿ. ಒಳಗೆ ರಟ್ಟಿನ ಚೌಕಟ್ಟಿನ ಸ್ಲೈಡುಗಳು, ನೂರೆಂಬತ್ತರ ಮೇಲೆ, ಪ್ರತಿಯೊಂದರ ಮೇಲೂ ಮಾವನ ಇರುವೆ ಸಾಲಿನಂಥ ಅಕ್ಷರ. ನಾನು ಒಂದೊಂದೇ ಎತ್ತಿ ಕಿಟಕಿಗೆ ಹಿಡಿದೆ. ಕೊಳೆರೋಗ. ಹಳದಿ ರೋಗ. ಮತ್ತೆ ಕೊಳೆರೋಗ. ಸೊರಗಿದ ಮೆಣಸಿನ ಬಳ್ಳಿ. ಹನ್ನೆರಡನೆಯದೋ ಹದಿಮೂರನೆಯದೋ ಕೊಳೆತ ಅಡಿಕೆಯ ಚಿತ್ರದಲ್ಲಿ ಅಡಿಕೆಯನ್ನು ಹಿಡಿದ ಒಂದು ಪುಟ್ಟ ಕೈ ಇತ್ತು. ಇನ್ನೊಂದರಲ್ಲಿ ಬೇರಿನ ಪಕ್ಕ ಗೆಜ್ಜೆ ಹಾಕಿದ ಒಂದು ಪಾದ. ಗಾತ್ರ ತಿಳಿಯಬೇಕಲ್ಲ, ಅದಕ್ಕೆ ಬೇರೆಯವರು ಪೆನ್ನು, ಸ್ಕೇಲು ಇಡುತ್ತಾರೆ. ಮಾವನಿಗೆ ಪೆನ್ನು ಇಡಲು ಮನಸ್ಸಾಗಿಲ್ಲ. ಮಗಳ ಪಟ ತೆಗೆದರೆ ತಪ್ಪು, ಅಳತೆಗೆ ನಿಲ್ಲಿಸಿದರೆ ಸರಕಾರಿ ಕೆಲಸ. ಹೀಗೆ ಕೈ ಒಂದು ರೋಗದಲ್ಲಿ, ಕಾಲು ಇನ್ನೊಂದು ರೋಗದಲ್ಲಿ ಸಿಕ್ಕುತ್ತಾ, ಒಂದೇ ಒಂದರಲ್ಲಿ ಲೀಲಕ್ಕ ಇಡೀ ಸಿಕ್ಕಿದಳು. ನಡುವೆ ಅಡಿಕೆ ಸಸಿ, ಅಂಚಿನಲ್ಲಿ ಬಿಳಿ ಫ್ರಾಕಿನ ಮಗು. ಮೇಲೆ ಬರೆದಿತ್ತು, ‘ಎಲೆಚುಕ್ಕಿ ರೋಗ. ಸಸಿಯ ಎತ್ತರ ಮೂರಡಿ. ಹೋಲಿಕೆಗೆ: ಮಗು.’

ಕಿಟಕಿಗೆ ಹಿಡಿದರೆ ಅದು ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು. ಮುಖವೆಂದರೆ ಒಂದು ಸಾಸಿವೆ. ಅತ್ತೆ ಕನ್ನಡಕದ ಮೇಲೆ ಕನ್ನಡಕ ಹಾಕಿ ನೋಡಿದರು. “ಸಸಿ ಕಾಣ್ತದೆ,” ಎಂದರು.

ಅಲ್ಲಿಂದ ಶುರುವಾಯಿತು ಸ್ಕ್ಯಾನರಿನ ಶೋಧ. ನಾನು ಹದಿನೈದು ದಿನ ಮೊಬೈಲಿನಲ್ಲಿ ಓದಿದೆ. ಅನ್ನಕ್ಕೆ ನೀರಿಟ್ಟು ಓದಿದೆ, ಅನ್ನ ತಳ ಹಿಡಿದ ಮೇಲೂ ಓದಿದೆ. ಇಂಚಿಗೆ ಎಷ್ಟು ಚುಕ್ಕಿ, ಕತ್ತಲಿನ ಭಾಗದಲ್ಲಿ ಎಷ್ಟು ವಿವರ, ಧೂಳು ತಾನಾಗಿ ತೆಗೆಯುತ್ತದೋ ಇಲ್ಲವೋ. ಕಾನ್ವೆಂಟಿನಲ್ಲಿ ಕಲಿಸಿದಂತೆ ನೋಟ್ ಪುಸ್ತಕಕ್ಕೆ ಕೆಂಪು ಮಾರ್ಜಿನ್ ಎಳೆದು ಬರೆದುಕೊಂಡೆ. ಧೂಳು ತೆಗೆಯುವ ಯಂತ್ರಗಳ ಮುಂದೆ ಎರಡೆರಡು ನಕ್ಷತ್ರ ಹಾಕಿದೆ. ವಿಮರ್ಶೆ ಬರೆದವರೆಲ್ಲ ಹಿಮ ಬೀಳುವ ದೇಶದವರು. ಅವರ ಸ್ಲೈಡಿನಲ್ಲಿ ನಾಯಿ, ದೋಣಿ, ಕೇಕು. ಐವತ್ತು ಮಳೆಗಾಲ ಕಂಡ ಬೂಷ್ಟಿನ ವಿಷಯ ಒಬ್ಬರೂ ಎತ್ತಿರಲಿಲ್ಲ. ಮಾರುವವರನ್ನೇ ಕೇಳೋಣವೆಂದು, ಬೂಷ್ಟು ಹಿಡಿದ ಸ್ಲೈಡಿಗೆ ಇದು ಆದೀತೇ ಎಂದು ಬರೆದು ಹಾಕಿದೆ. ಎರಡು ದಿನ ಕಳೆದು ಉತ್ತರ ಬಂತು. ಹೌದು ಸರ್, ತುಂಬಾ ಒಳ್ಳೆಯ ವಸ್ತು, ನನ್ನ ತಂದೆಗೆ ಇಷ್ಟವಾಯಿತು, ಬ್ಯಾಟರಿ ಚೆನ್ನಾಗಿ ಬರುತ್ತದೆ ಎಂದು. ಅದಕ್ಕೆ ಬ್ಯಾಟರಿಯೇ ಇರಲಿಲ್ಲ.

ಇವರಿಗೆ ಈ ಓದಿನಲ್ಲಿ ನಂಬಿಕೆಯಿಲ್ಲ. ಇವರದ್ದು ಅಡಿಕೆ ವ್ಯಾಪಾರ. “ಮಾದರಿ ನೋಡದೆ ಮಾಲು ತೆಗಿತಾರಾ ಯಾರಾದ್ರೂ?” ಎಂದರು. ಅಡಿಕೆಯನ್ನು ಹಿಡಿಯಷ್ಟು ಎತ್ತಿ, ಕತ್ತರಿಸಿ, ಒಳಗಿನ ಬಣ್ಣ ನೋಡಿ ಮಾತಾಡುವ ಜನ ನಾವು. ಹಾಗೇ ಸ್ಕ್ಯಾನರ್ ಇದ್ದವರ ಮನೆಗೆ ಒಂದೇ ಮಾದರಿ ಕೊಂಡೊಯ್ದು ಪರೀಕ್ಷಿಸುವುದು ಎಂದು ತೀರ್ಮಾನವಾಯಿತು. ಮಾದರಿ ಎಂದರೆ ಲೀಲಕ್ಕ.

ಮೊದಲ ಪರೀಕ್ಷೆ ಕಡಬದಲ್ಲಿ. ಇವರ ಸ್ನೇಹಿತರ ಮನೆಯಲ್ಲಿ ಬ್ರೆಡ್ ಸುಡುವ ಪೆಟ್ಟಿಗೆಯಂಥ ಒಂದು ಚಿಕ್ಕ ಯಂತ್ರವಿತ್ತು. ಸ್ಲೈಡನ್ನು ತೂರಿಸಿ ಗುಂಡಿ ಒತ್ತಿದರೆ ಎರಡು ಸೆಕೆಂಡಿನಲ್ಲಿ ಚಿತ್ರ. ನಾನು ಬೆರಗಾದೆ. ಮನೆಗೆ ತಂದು ತೋರಿಸಿದಾಗ ತಿಳಿಯಿತು, ಆ ಯಂತ್ರ ನಾಲ್ಕೂ ಅಂಚನ್ನು ಸ್ವಲ್ಪ ಸ್ವಲ್ಪ ಕತ್ತರಿಸಿ ಹಾಕುತ್ತದೆ ಎಂದು. ಅಂಚಿನಲ್ಲಿ ನಿಂತವಳು ಲೀಲಕ್ಕ. ಸಸಿಯ ದಂಟನ್ನು ಹಿಡಿದ ನಾಲ್ಕು ಬೆರಳು ಮಾತ್ರ ಉಳಿದಿತ್ತು.

“ಸಸಿ ಒಳ್ಳೆ ಬಂದಿದೆ ಅಮ್ಮ, ಚುಕ್ಕಿ ಚುಕ್ಕಿ ಎಲ್ಲ ಕಾಣ್ತದೆ,” ಎಂದರು ಇವರು.

“ಮದುವೆ ಸಸಿಗಾ?” ಎಂದರು ಅತ್ತೆ.

ಎರಡನೆಯದು ನನ್ನದೇ ಪ್ರಯೋಗ. ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ಇಟ್ಟು, ಅದರ ಮೇಲೆ ಸ್ಲೈಡಿಟ್ಟು, ಮೇಲಿನಿಂದ ಮೊಬೈಲಿನಲ್ಲಿ ತೆಗೆಯುವುದು, ಯಂತ್ರವೇ ಬೇಡ ಎಂದು ಎಲ್ಲೋ ಓದಿದ್ದೆ. ಕೈ ನಡುಗಬಾರದೆಂದು ಎರಡು ಉಪ್ಪಿನಕಾಯಿ ಭರಣಿಗಳ ಮೇಲೆ ಶ್ಯಾವಿಗೆ ಮಣೆಯನ್ನು ಅಡ್ಡ ಇಟ್ಟು, ಅದರ ತೂತಿಗೆ ಮೊಬೈಲಿನ ಕಣ್ಣು ಹೊಂದಿಸಿದೆ. ಪೂಜೆಗೆ ಕೂತ ಹಾಗಿತ್ತು. ಲೀಲಕ್ಕ ಇಡೀ ಬಂದಳು. ಆದರೆ ಪರದೆಯ ಸೂಕ್ಷ್ಮ ಗೆರೆಗಳೂ ಜೊತೆಗೆ ಬಂದವು.

ಅತ್ತೆ ದಿಟ್ಟಿಸಿದರು. “ಅವಳದ್ದು ಬಿಳಿ ಫ್ರಾಕು. ನೀನು ಚೌಕುಳಿ ಹಾಕಿದ್ದೆಂತಕ್ಕೆ?”

“ನಾನು ಹಾಕಿದ್ದಲ್ಲ ಅತ್ತೆ, ಅದು ಲ್ಯಾಪ್‌ಟಾಪಿನ ಗೆರೆ.”

“ಯಾರ ಗೆರೆಯಾದ್ರೂ ಆಗ್ಲಿ, ತೆಗಿ. ಇನ್ನೊಬ್ಬರ ಅಂಗಿ ಹಾಕಿ ಕಳಿಸ್ಲಿಕ್ಕಿಲ್ಲ.”

ಈ ನಡುವೆ ಕಮಲಕ್ಕ ಹುಡುಗನ ಫೋಟೋ ಕಳಿಸಿಯೂ ಆಯಿತು. ಎಣ್ಣೆ ಹಚ್ಚಿ ಬಾಚಿದ ತಲೆ, ಕತ್ತಿನವರೆಗೆ ಗುಂಡಿ. ಅತ್ತೆ ಅದನ್ನು ಬಹಳ ಹೊತ್ತು ನೋಡಿ “ಸಾಧು ಕಾಣ್ತಾನೆ,” ಎಂದರು. ಮರುದಿನ ಕಮಲಕ್ಕನ ಮೆಸೇಜು ಬಂತು. ಇನ್ನೊಂದು ಕಡೆಯಿಂದಲೂ ಕೇಳ್ತಾ ಇದ್ದಾರೆ, ನಿಮ್ಮದು ಬೇಗ ತಿಳಿಸಿ, ಎಂದು. ಅತ್ತೆಯ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. “ಫೋಟೋ ಇಲ್ಲದ ಕಾರಣ ನನ್ನ ಮಗಳ ಸಂಬಂಧ ತಪ್ಪುದಾ?” ಎಂದು ನನ್ನನ್ನು ಕೇಳಿದರು. ಈ ಪ್ರಶ್ನೆಗೆ ಉತ್ತರ ಯಾವ ಯಂತ್ರದ ಪುಸ್ತಕದಲ್ಲಿಯೂ ನಾನು ಓದಿದ್ದಿಲ್ಲ.

ಹಾಗೆ ಮೂರನೆಯ ಪರೀಕ್ಷೆಗೆ ಕುಂಬ್ರಕ್ಕೆ ಹೋದೆವು. ಅಲ್ಲಿ ವಸಂತ ಎಂಬವರ ಸ್ಟುಡಿಯೋದಲ್ಲಿ ದೊಡ್ಡ ಸ್ಕ್ಯಾನರ್ ಇತ್ತು. ಜೆರಾಕ್ಸ್ ಯಂತ್ರದ ಹಾಗೆ ಗಾಜು, ಮುಚ್ಚಳದಲ್ಲಿಯೂ ದೀಪ. ನನ್ನ ಪುಸ್ತಕದಲ್ಲಿ ಎರಡು ನಕ್ಷತ್ರ ಪಡೆದದ್ದು. ಇದನ್ನು ನೋಡಿ ಸರಿಯಾದರೆ ಇದನ್ನೇ ಕೊಳ್ಳುವುದು ಎಂದಾಗಿತ್ತು. ಅತ್ತೆಯೂ ಹೊರಟರು. “ಬಾಲೆಯನ್ನು ಒಬ್ಬಳೇ ಎಲ್ಲೆಲ್ಲಿ ಕಳಿಸುದು?” ಎಂದು ಸ್ಲೈಡನ್ನು ಕನ್ನಡಕದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟು ಕಾರಿನಲ್ಲಿ ಕೂತರು. ತಿರುವು ಬಂದಾಗಲೆಲ್ಲ ಅದರ ಮೇಲೆ ಕೈ ಇಡುತ್ತಿದ್ದರು.

ವಸಂತ ಸ್ಲೈಡನ್ನು ಗಾಜಿನ ಮೇಲೆ ಇಡುವಾಗ, ಬರಹ ಮೇಲೆ ಬರಲಿ, ನಮಗೆ ಓದುವ ಹಾಗೆ ಇರಲಿ ಎಂದು ಹೇಳಿದವಳು ನಾನೇ. ಅಕ್ಷರಕ್ಕೆ ಬೆನ್ನು ಹಾಕಬಾರದೆಂದು ಸಿಸ್ಟರ್ ಕಲಿಸಿದ್ದರು. ಯಂತ್ರ ಸಣ್ಣಗೆ ಗುಂಯ್ ಎಂದಿತು. ಪರದೆಯ ಮೇಲೆ ಮೇಲಿನಿಂದ ಒಂದೊಂದೇ ಎಳೆಯಾಗಿ ಚಿತ್ರ ಇಳಿಯಿತು. ಆಕಾಶ. ಸಸಿಯ ತುದಿ. ಆಮೇಲೆ ಒಂದು ರಿಬ್ಬನ್ನು. ಇವರು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಹಣೆ ಬಂತು, ಹುಬ್ಬು ಬಂತು, ಬಿಸಿಲಿಗೆ ಕಿರಿದು ಮಾಡಿದ ಕಣ್ಣು ಬಂತು. ಕಣ್ಣು ಇವರದ್ದೇ. ಐವತ್ತೊಂದರ ತಮ್ಮ, ಮೂರು ವರ್ಷದ ಅಕ್ಕನನ್ನು ಮೊದಲ ಸಲ ಸರಿಯಾಗಿ ನೋಡುತ್ತಾ, ಏನು ಮಾಡಬೇಕೆಂದು ತಿಳಿಯದೆ ಗಡಿಯಾರ ನೋಡಿಕೊಂಡರು.

ಚಿತ್ರ ನಿರ್ಮಲವಾಗಿತ್ತು. ಬೂಷ್ಟಿಲ್ಲ, ಕೂದಲಿಲ್ಲ, ಒಂದು ಚುಕ್ಕಿ ಇಲ್ಲ. ಎಲೆಚುಕ್ಕಿ ರೋಗ ಕೂಡ ಅರ್ಧ ವಾಸಿಯಾಗಿತ್ತು.

“ಇದು ಲೀಲಾ ಅಲ್ಲ,” ಎಂದರು ಅತ್ತೆ.

ಇವರು ಪರದೆಗೆ ಇನ್ನಷ್ಟು ಬಾಗಿದರು.

“ಮುಖ ಅವಳದ್ದೇ. ದೃಷ್ಟಿಬೊಟ್ಟು ಎಲ್ಲಿ? ಬೊಟ್ಟಿಲ್ಲದೆ ನಾನು ಅವಳನ್ನು ಅಂಗಳಕ್ಕೆ ಬಿಟ್ಟದ್ದೇ ಇಲ್ಲ.”

ವಸಂತ ಪರದೆ ನೋಡಿ ಹಿಗ್ಗಿನಿಂದಲೇ ಹೇಳಿದರು, “ಅದು ಅಮ್ಮ, ಮಿಷನು ಧೂಳು ತೆಗಿತದೆ. ಕಪ್ಪು ಚುಕ್ಕಿ ಕಂಡ್ರೆ ಧೂಳು ಅಂತ ಒರಸಿ ಬಿಡ್ತದೆ. ಭಾರೀ ಬುದ್ಧಿ ಉಂಟು ಇದಕ್ಕೆ.”

“ಬುದ್ಧಿ ಇದ್ರೆ ಬೊಟ್ಟು ಅಂತ ಗೊತ್ತಾಗ್ಬೇಕಿತ್ತು.”

“ಅಮ್ಮ, ಕಂಪ್ಯೂಟರಿನಲ್ಲಿ ಒಂದು ಬೊಟ್ಟು ಹಾಕ್ಲಿಕ್ಕೆ ಎಷ್ಟು ಹೊತ್ತು? ಇವರೇ ಹಾಕಿಕೊಡ್ತಾರೆ,” ಎಂದರು ಇವರು.

“ಇವರ ಬೊಟ್ಟು ಎಂತಕ್ಕೆ? ತಾಯಿ ಹಾಕಿದ್ದನ್ನು ಒರಸಿ ಅಂಗಡಿಯವರ ಹತ್ತಿರ ಹಾಕಿಸ್ಕೊಳ್ಳುದಾ? ಹೊರಗಿನವರಿಗೆ ತೋರಿಸುವ ಫೋಟೋ. ದೃಷ್ಟಿ ಆಗ್ತದೆ.”

ನಾನು ನನ್ನ ನೋಟ್ ಪುಸ್ತಕವನ್ನು ಮೆಲ್ಲ ಬ್ಯಾಗಿಗೆ ಸೇರಿಸಿದೆ. ಆ ಎರಡು ನಕ್ಷತ್ರ ಹಾಕಿದ್ದು ಇದೇ ಬುದ್ಧಿಗೆ.

ಧೂಳು ತೆಗೆಯುವುದನ್ನು ಬಂದ್ ಮಾಡಿ ಎಂದು ಹೇಳಿದೆ. ವಸಂತರಿಗೆ ಬೇಸರವಾಯಿತು. ಒಗೆದು ಇಸ್ತ್ರಿ ಹಾಕಿದ ಬಟ್ಟೆಯನ್ನು ಪುನಃ ಕೆಸರಿಗೆ ಹಾಕಿ ಅಂದ ಹಾಗೆ. ಯಂತ್ರ ಪುನಃ ಗುಂಯ್ ಎಂದಿತು. ಈ ಸಲ ಎಲ್ಲವೂ ಬಂತು. ಆಕಾಶದಲ್ಲಿ ಬೂಷ್ಟು ರಂಗೋಲಿ ಹಾಕಿತ್ತು, ಫ್ರಾಕಿನ ಮೇಲೆ ಯಾರದೋ ರೆಪ್ಪೆಕೂದಲು, ಮುಖವೊಂದರ ಮೇಲೆಯೇ ಆರೇಳು ಕಪ್ಪು ಚುಕ್ಕಿ.

“ಇದರಲ್ಲಿ ಬೊಟ್ಟು ಯಾವುದು?” ಎಂದರು ಇವರು.

“ಎಡಗಿವಿಯ ಕೆಳಗೆ,” ಅತ್ತೆ ತಡೆಯದೆ ಹೇಳಿದರು. “ಕೆನ್ನೆಗೆ ಹಾಕಿದ್ರೆ ಉಜ್ಜಿ ಬಿಡ್ತಿದ್ದಳು. ಅದಕ್ಕೆ ಕಾಣದಲ್ಲಿ ಹಾಕುದು.”

ಎಡಗಿವಿಯ ಕೆಳಗೆ ಏನೂ ಇರಲಿಲ್ಲ. ಬಲಗಿವಿಯ ಕೆಳಗೆ ಒಂದು ಇತ್ತು. ಅತ್ತೆಗೆ ನೆನಪು ತಪ್ಪಿರಬಹುದೆಂದು ನಾವು ಮೂವರೂ ಏಕಕಾಲಕ್ಕೆ ಯೋಚಿಸಿದೆವು, ಮೂವರೂ ಅದನ್ನು ಹೇಳಲಿಲ್ಲ. ವಸಂತ ಎದ್ದು ಮುಚ್ಚಳ ತೆಗೆದು ಸ್ಲೈಡನ್ನು ನೋಡಿದರು.

“ಅಕ್ಕ, ಈ ಮಿಷನು ಅಡಿಯಿಂದ ನೋಡುದು. ಬರಹ ಮೇಲೆ ಬಂದ್ರೆ ಚಿತ್ರ ತಿರುಗಿ ಬರ್ತದೆ. ನೀವು ಹೇಳಿದ್ರಿ ಅಂತ ನಾನೂ...”

ಮಗುಚಿ ಇಟ್ಟ ಮೇಲೆ ಬೊಟ್ಟು ಎಡಗಿವಿಯ ಕೆಳಗೆ ಬಂತು. ಐವತ್ತೆರಡು ವರ್ಷಗಳ ಹಿಂದೆ ಕಾಡಿಗೆ ಬೆರಳಿನಿಂದ ಇಟ್ಟದ್ದು, ಸ್ವಲ್ಪ ಉದ್ದಕ್ಕೆ ಎಳೆದ ಹಾಗಿತ್ತು. ಮಗು ಆ ಕ್ಷಣ ತಲೆ ತಿರುಗಿಸಿರಬೇಕು.

ಹೀಗೆ ನಮ್ಮ ಮನೆಯ ಸ್ಕ್ಯಾನರಿನ ಆಯ್ಕೆ ಮುಗಿಯಿತು. ಅಂಚು ಕತ್ತರಿಸಬಾರದು, ಏನನ್ನೂ ಒರಸಬಾರದು, ಹೇಳಿದ್ದನ್ನಷ್ಟೇ ಮಾಡಬೇಕು. ಅಂಥದ್ದೊಂದು ಸಾದಾ ಯಂತ್ರವನ್ನು ತರಿಸಿಕೊಡುತ್ತೇನೆಂದು ವಸಂತ ಒಪ್ಪಿದರು. ಕೈಕಾಲುಗಳ ಉಳಿದ ಸ್ಲೈಡುಗಳನ್ನು ಮನೆಯಲ್ಲೇ ಮಾಡಿಕೊಳ್ಳುವುದೆಂದಾಯಿತು.

ಅತ್ತೆ ಇದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ. ಮುಖ ದೊಡ್ಡದು ಮಾಡಿ ಎಂದರು. ಮಾಡಿದರು. ಇನ್ನೂ ಸ್ವಲ್ಪ ಎಂದರು. ಪರದೆ ತುಂಬ ಲೀಲಕ್ಕ, ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ಅಪ್ಪನ ಮೇಲೆ ಸಿಟ್ಟು, ತುಟಿ ಸ್ವಲ್ಪ ಮುಂದೆ. ಅತ್ತೆಯ ಬೆರಳು ಗಾಜಿನವರೆಗೆ ಹೋಗಿ, ಮುಟ್ಟದೆ, ಅಲ್ಲೇ ನಿಂತಿತು. ಇವರು ಮೊಬೈಲ್ ಹೊರತೆಗೆದು ಹತ್ತಿರ ಬಂದರು.

“ಕಳಿಸುವನಾ ಅಮ್ಮ? ಕಮಲಕ್ಕ ಕಾಯ್ತಾ ಇದ್ದಾರೆ.”

“ಎಂತ ಕಳಿಸುದು?”

“ಫೋಟೋ. ಸಂಬಂಧದ್ದು.”

ಅತ್ತೆ ತಿರುಗಿ ಮಗನನ್ನು ನೋಡಿದರು. “ನಿನ್ನ ತಲೆ ಸಮ ಉಂಟಾ? ಇಷ್ಟು ಸಣ್ಣ ಬಾಲೆಯನ್ನು ಯಾರಾದ್ರೂ ಮದುವೆ ಮಾಡಿ ಕೊಡ್ತಾರಾ?”

“ಐವತ್ತೈದಾಯ್ತು ಅಂತ ನೀವೇ ಹೇಳಿದ್ದಲ್ವಾ ಅಮ್ಮ...”

“ನೋಡಿ ಮಾತಾಡು. ಸೀರೆ ನಿಲ್ತದಾ ಇದರ ಸೊಂಟದಲ್ಲಿ? ಎತ್ತಿ ಕೂರಿಸದೆ ಕುರ್ಚಿಗೆ ಹತ್ತುದಿಲ್ಲ ಇದು. ಸ್ವಲ್ಪ ದೊಡ್ಡವಳಾಗ್ಲಿ. ಶೋಭಾ, ನೀನು ಫೋನ್ ಮಾಡಿ ಹೇಳು ಆಲೆಟ್ಟಿಗೆ. ಬೇಸರ ಮಾಡ್ಕೊಳ್ಬೇಡಿ, ಈಗ ಕೊಡುದಿಲ್ಲ ಅಂತ.”

ನಾನು ಸ್ಟುಡಿಯೋದ ಹೊರಗೆ ಬಂದು ಬಸ್ಸುಗಳು ತಿರುಗುವಲ್ಲಿ ನಿಂತೆ. ಕಾನ್ವೆಂಟಿನಲ್ಲಿ ನಮಗೆ ಆಮಂತ್ರಣವನ್ನು ನಯವಾಗಿ ನಿರಾಕರಿಸುವ ಪತ್ರ ಬರೆಯಲು ಕಲಿಸಿದ್ದರು. ಹತ್ತಕ್ಕೆ ಹತ್ತು ಬಂದಿತ್ತು ನನಗೆ. ಈಗ ಒಂದು ವಾಕ್ಯವೂ ಹೊಂದಲಿಲ್ಲ. ಕೊನೆಗೆ ಅತ್ತೆ ಹೇಳಿದ್ದನ್ನೇ ಹಾಗೆಯೇ ಹೇಳಿದೆ. ಫೋಟೋ ಸಿಕ್ಕಿತು ಕಮಲಕ್ಕ, ಆದರೆ ಮಗು ತೀರಾ ಸಣ್ಣದು, ಸ್ವಲ್ಪ ದೊಡ್ಡವಳಾಗಲಿ ಅಂತಾರೆ ಅತ್ತೆ.

ಆ ಕಡೆ ಕುಕ್ಕರು ಒಂದು ಸೀಟಿ ಹಾಕಿತು. ಯಾರೋ ಗ್ಯಾಸ್ ಸಣ್ಣ ಮಾಡಿದ ಸದ್ದು. ಇನ್ನೊಂದು ಮನೆಯವರು ಕೇಳುತ್ತಿದ್ದಾರೆಂದು ಮತ್ತೆ ಹೇಳುತ್ತಾರೆಂದು ನಾನು ಕಾದೆ.

“ಹಾಗೇ ಮಾಡುವ ಅಂತ ಹೇಳಿ ಅಮ್ಮನಿಗೆ,” ಎಂದರು ಕಮಲಕ್ಕ. “ನಮಗೂ ಅವಸರ ಎಂತ ಇಲ್ಲ. ಇವನೂ ಈಗ ಎರಡನೇ ಕ್ಲಾಸು ಅಷ್ಟೆ.”